ಮಬ್ಬುಗಟ್ಟಿದ ಎಣ್ಣೆ

ಬೊಂಬಾಯಿ
8–10–1961

ಬಾಪ,

ಉಮ್ಮನಿಗೂ ನಿಮಗೂ ಸಲಾಂ ಹೇಳಿ, ಸಂತೋಷದ ಸಂಗತಿಯನ್ನು ಮೊದಲೇ ಬರೆದುಬಿಡುತ್ತೇನೆ. ನಮ್ಮ ಕಂಪೆನಿ ಹುಲ್ಲೆಣ್ಣೆಯನ್ನು ನೇರವಾಗಿ ನಿಮ್ಮಿಂದಲೇ ತರಿಸಿಕೊಳ್ಳಲು ಒಪ್ಪಿದೆ. ಇಷ್ಟು ವರ್ಷ ನಿಮ್ಮ ಗೆಳೆಯ ಚೆನ್ನಪ್ಪ ಮಾವ ಸಂಪಾಜೆಯ ಗುಡ್ಡದಲ್ಲಿ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು ಕೊಯ್ದು, ಹಂಡೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಿದ್ದರು. ನೀವು ಅದನ್ನು ಪುತ್ತೂರಿಗೆ ತಂದು ಮಂಗಳೂರಿನ ಏಜೆಂಟರ ಕೈಗೆ ಕೊಡುತ್ತಿದ್ದಿರಿ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ನಿಮಗಿಬ್ಬರಿಗೂ ಗೊತ್ತಿರಲಿಲ್ಲ. ಇನ್ನು ಗೊತ್ತಿರುತ್ತದೆ. ನಾನು ಕೆಲಸ ಮಾಡುವ ಪ್ರಯೋಗಶಾಲೆಯ ಪಕ್ಕದ ಗೋದಾಮಿಗೇ ಬರುತ್ತದೆ.

ಮ್ಯಾನೇಜರರ ಮುಂದೆ ಮಾತೆತ್ತಲು ನನಗೆ ಅಂಜಿಕೆಯಿತ್ತು. "ನಿನ್ನ ತಂದೆಯ ಮಾಲು ಅಂತ ಕಣ್ಣು ಮುಚ್ಚಿ ತೆಗೆದುಕೊಳ್ಳುವುದಿಲ್ಲ" ಎಂದರು. ಕಣ್ಣು ತೆರೆದೇ ನೋಡಿ ಎಂದು ಹೇಳಿ ಬಂದಿದ್ದೇನೆ.

ಕಳೆದ ಸಲ ಊರಿಗೆ ಬಂದಾಗ ನೀವೊಂದು ಪ್ರಶ್ನೆ ಕೇಳಿದ್ದಿರಿ. ಬಟ್ಟೆಯ ಕೊಳೆ ತೆಗೆಯುವ ಪುಡಿಯನ್ನೂ ಮೈಗೆ ಹಚ್ಚುವ ಸುಗಂಧವನ್ನೂ ಒಂದೇ ಕಾರ್ಖಾನೆಯಲ್ಲಿ ಮಾಡುವುದು ಹೇಗೆ ಎಂದು. ಅವಸರದಲ್ಲಿ ಉತ್ತರ ಹೇಳಲಿಲ್ಲ. ಎರಡರ ಮೂಲವೂ ಹತ್ತಿರ ಹತ್ತಿರವೇ ಬಾಪ. ಎರಡರಲ್ಲೂ ಇಂಗಾಲದ ಸರಪಳಿಗಳೇ. ಆದರೆ ಗುಣ ಬೇರೆ. ಒಗೆಯುವ ಪುಡಿಯ ಕಣ ಉದ್ದ. ಅದರ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು. ಜಿಡ್ಡನ್ನು ಒಂದು ಕೈಯಲ್ಲೂ ನೀರನ್ನು ಇನ್ನೊಂದು ಕೈಯಲ್ಲೂ ಹಿಡಿದು ಎಳೆದುಕೊಂಡು ಹೋಗುತ್ತದೆ. ಸುಗಂಧದ ಕಣ ಚಿಕ್ಕದು, ಹಗುರ. ಅದಕ್ಕೆ ನೀರಿನ ಗೆಳೆತನ ಹೆಚ್ಚಿಲ್ಲ. ಎಣ್ಣೆಯಲ್ಲಿ ಕರಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಬಿಟ್ಟರೆ ಗಾಳಿಗೆ ಹಾರುತ್ತದೆ. ಹಾರುವುದರಿಂದಲೇ ಮೂಗಿಗೆ ಸಿಗುವುದು. ಪುಡಿ ಹಾರುವುದಿಲ್ಲ, ಹಾಗಾಗಿ ಅದಕ್ಕೆ ಸ್ವಂತ ಪರಿಮಳವೂ ಇಲ್ಲ. ಪೊಟ್ಟಣ ಒಡೆದಾಗ ಬರುವ ವಾಸನೆ ನಾವು ಬೆರೆಸಿದ್ದು.

ಊರಿಗೆ ಹೊರಟ ಗೆಳೆಯನ ಕೈಯಲ್ಲಿ ಉಮ್ಮನಿಗೆ ಆ ಪುಡಿಯ ಎರಡು ಪೊಟ್ಟಣ ಕಳಿಸಿದ್ದೇನೆ. ಪುತ್ತೂರಿನ ಅಂಗಡಿಗಳಿಗೆ ಇನ್ನೂ ಬಂದಿರಲಿಕ್ಕಿಲ್ಲ.

ನಿಮ್ಮ
ಸಲಾಂ


ಪುತ್ತೂರು
6–11–1961

ಮಗ ಸಲಾಂಗೆ,

ನಿನ್ನ ಕಾಗದವನ್ನು ಉಮ್ಮನಿಗೆ ಓದಿ ಹೇಳಿದೆ. ಆಮೇಲೆ ಸಂಪಾಜೆಗೆ ಕೊಂಡುಹೋಗಿ ಚೆನ್ನಪ್ಪನಿಗೂ ಓದಿ ಹೇಳಿದೆ. ಅವನು ಹಂಡೆಯ ಕೆಳಗೆ ಕಟ್ಟಿಗೆ ದೂಡುತ್ತಾ ಕೂತಿದ್ದ.

"ಅಂದ್ರೆ ನಮ್ಮ ಗುಡ್ಡದ ಹುಲ್ಲು ಬೊಂಬಾಯಿಯವರ ಮೈಗೆ ಹೋಗುದಾ ಅದ್ರಾಮ?" ಎಂದು ನನ್ನನ್ನು ಕೇಳಿದ.

"ಮೈಗೆ ಸ್ವಲ್ಪ, ಸಾಬೂನಿಗೆ ಜಾಸ್ತಿಯಂತೆ" ಎಂದೆ.

"ಎಲ್ಲಿಗೆ ಬೇಕಾದ್ರೂ ಹೋಗ್ಲಿ ಮಾರಾಯ. ಇಲ್ಲಿಯ ಪೊಲೀಸರಿಗೆ ಮಾತ್ರ ಇನ್ನೂ ನಂಬಿಕೆ ಇಲ್ಲ. ಮೊನ್ನೆ ಬಂದು ಹಂಡೆಗೆ ಮೂಗು ಹಾಕಿ ನೋಡಿ ಹೋದ್ರು, ಕಳ್ಳಭಟ್ಟಿಯಾ ಅಂತ."

ನಾವಿಬ್ಬರೂ ನಕ್ಕೆವು. ಅವನ ಹೆಂಡತಿ ದುಗ್ಗಮ್ಮ ಒಳಗಿನಿಂದಲೇ, "ಮೂಗು ಹಾಕಿದವನಿಗೆ ಇಡೀ ದಿನ ಸೀನು ಬಂದಿರ್ಬೇಕು" ಎಂದಳು.

ಹೊಸ ಡಬ್ಬಗಳನ್ನೇ ಮಾಡಿಸಿ, ಎಣ್ಣೆ ತುಂಬಿಸಿ ನಿನ್ನೆ ಹಡಗಿಗೆ ಹಾಕಿ ಬಂದೆ. ಮಂಗಳೂರಿನ ಏಜೆಂಟರು ಮುಖ ಉಬ್ಬಿಸಿದ್ದಾರೆ. ಮಗನ ಹೆಸರಿಗೆ ಮಾಲು ಕಳಿಸುವ ಭಾಗ್ಯ ಅವರಿಗೆ ಇಲ್ಲವಲ್ಲ, ಉಬ್ಬಿಸಲಿ.

ನಿನ್ನ ಪುಡಿ ಬಂದಂದಿನಿಂದ ನಿನ್ನ ಉಮ್ಮ ಮನೆಯಲ್ಲಿ ಜಿಡ್ಡಿರುವ ಒಂದು ಸಾಮಾನನ್ನೂ ಬಿಟ್ಟಿಲ್ಲ. ಮಗ ಕಳಿಸಿದ್ದು ಎಂದು ನೆರೆಮನೆಯವರಿಗೆಲ್ಲ ನೊರೆ ತೋರಿಸಿದ್ದಾಳೆ. ಮಾಲು ತಲಪಿದ ಕೂಡಲೇ ಬರೆ.

ನಿನ್ನ ಬಾಪ
ಅಬ್ದುಲ್ ರಹ್ಮಾನ್


ಬೊಂಬಾಯಿ
10–12–1961

ಬಾಪ,

ಈ ಕಾಗದವನ್ನು ಉಮ್ಮನ ಎದುರು ಓದಬೇಡಿ. ಚೆನ್ನಪ್ಪ ಮಾವನಿಗಂತೂ ತೋರಿಸಲೇಬೇಡಿ.

ಎಣ್ಣೆ ನಪಾಸಾಗಿದೆ. ನಮ್ಮಲ್ಲಿ ಮೊದಲ ಪರೀಕ್ಷೆ ಬಹಳ ಸುಲಭದ್ದು. ಸ್ಪಿರಿಟ್ಟಿಗೆ ಸ್ವಲ್ಪ ಹುಲ್ಲೆಣ್ಣೆ ಹಾಕಿ ಅಲ್ಲಾಡಿಸಿದರೆ ತಿಳಿಯಾಗಿ ಕರಗಬೇಕು. ಕೊಬ್ಬರಿ ಎಣ್ಣೆಯೋ ಸೀಮೆಎಣ್ಣೆಯೋ ಬೆರೆತಿದ್ದರೆ ಮಬ್ಬಾಗುತ್ತದೆ. ನಮ್ಮ ಮಾಲು ಮಬ್ಬಾಯಿತು. ಎಲ್ಲ ಡಬ್ಬಗಳದ್ದೂ ಅದೇ ಕಥೆ. ಬಣ್ಣವೂ ಕೆಂಪಗೆ ತಿರುಗಿದೆ.

ಮ್ಯಾನೇಜರರು ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದು, "ಕಣ್ಣು ತೆರೆದೇ ನೋಡಿದೆ" ಎಂದರು. ಎಲ್ಲರ ಎದುರು. ನನ್ನ ಕೈಯಿಂದ ಪ್ರಯೋಗಶಾಲೆಯ ಬೀಗದ ಕೈ ತೆಗೆದುಕೊಂಡಿದ್ದಾರೆ. ಈಗ ಗೋದಾಮಿನಲ್ಲಿ ಪೀಪಾಯಿಗಳಿಗೆ ಚೀಟಿ ಅಂಟಿಸುತ್ತಿದ್ದೇನೆ. ಎದುರು ಸಿಕ್ಕವರು ಮಾತು ನಿಲ್ಲಿಸುತ್ತಾರೆ. ತಂದೆ ಮಗ ಸೇರಿ ಮಾಡಿದ ಉಪಾಯ ಎಂದು ಅವರ ಲೆಕ್ಕ.

ಚೆನ್ನಪ್ಪ ಮಾವನ ಹಂಡೆಯ ಸುತ್ತ ಕೊಬ್ಬರಿ ಎಣ್ಣೆ ಇಟ್ಟುಕೊಳ್ಳುತ್ತಾರೆಯೇ? ಈ ವರ್ಷ ಹುಲ್ಲು ಕಡಿಮೆಯಿತ್ತೇ? ಅವರು ಅಂಥವರಲ್ಲ ಎಂದು ನನಗೂ ಗೊತ್ತು. ಆದರೆ ಎಣ್ಣೆ ತಾನಾಗಿ ಮಬ್ಬಾಗುವುದಿಲ್ಲ. ಗೊತ್ತಾಗದ ಹಾಗೆ ವಿಚಾರಿಸಿ.

ಸಲಾಂ


ಪುತ್ತೂರು
22–12–1961

ಸಲಾಂ,

ಗೊತ್ತಾಗದ ಹಾಗೆ ವಿಚಾರಿಸು ಎಂದು ನೀನು ಬರೆದಿದ್ದೀ. ಗೊತ್ತಾಗಿಹೋಯಿತು.

ಸುಮ್ಮನೆ ಬಂದವನ ಹಾಗೆ ಸಂಪಾಜೆಯಲ್ಲಿ ಬಸ್ಸಿಳಿದು ಗುಡ್ಡ ಹತ್ತಿದೆ. ಚೆನ್ನಪ್ಪ ಹುಲ್ಲು ಕೊಯ್ಯಲು ಮೇಲೆ ಹೋಗಿದ್ದ. ನಾನು ಹಂಡೆಯ ಹತ್ತಿರ ಹೋಗಿ ಸುತ್ತ ನೋಡಿದೆ. ಕಟ್ಟಿಗೆಯ ರಾಶಿಯ ಹಿಂದೆ ಒಂದು ಕೊಬ್ಬರಿ ಎಣ್ಣೆಯ ಡಬ್ಬ ಕಂಡಿತು. ಮುಚ್ಚಳ ತೆಗೆದು ಮೂಸಿದೆ. ಆಮೇಲೆ ಹಂಡೆಯ ಮುಚ್ಚಳವನ್ನೂ ತೆಗೆದು ಬಗ್ಗಿದೆ. ತಲೆ ಎತ್ತಿದರೆ ಚೆನ್ನಪ್ಪ ಹುಲ್ಲಿನ ಹೊರೆ ಹೊತ್ತುಕೊಂಡು ನಿಂತಿದ್ದಾನೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಎಂತ ಹುಡುಕುದು ಅದ್ರಾಮ?"

"ಎಂತ ಇಲ್ಲ. ಸುಮ್ಮನೆ."

"ಪೊಲೀಸರೂ ಸುಮ್ಮನೆ ಅಂತಲೇ ಹೇಳಿದ್ದು." ಅವನು ಹೊರೆ ಇಳಿಸಿದ. "ಆ ಡಬ್ಬ ದುಗ್ಗಮ್ಮನದ್ದು. ಕಾಲು ಬೇನೆಗೆ ಹಚ್ಚಲಿಕ್ಕೆ ಬಿಸಿ ಮಾಡಿ ಇಟ್ಟದ್ದು. ಬೇಕಾದ್ರೆ ಅವಳನ್ನು ಕರೆದು ಕೇಳು."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಣ್ಣೆ ನಪಾಸಾದದ್ದನ್ನು ಹೇಳಿದೆ. ನಿನ್ನ ಕೆಲಸಕ್ಕೆ ಬಂದ ಕುತ್ತನ್ನೂ ಹೇಳಿದೆ. ಕೊನೆಗೆ ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು. "ನೀನು ಎಂತಾದ್ರೂ ಬೆರೆಸಿದ್ದುಂಟಾ ಚೆನ್ನಪ್ಪ? ಇದ್ದರೆ ಹೇಳು, ನಾನು ಹೇಗಾದ್ರೂ ಸರಿ ಮಾಡ್ತೇನೆ."

ಅವನು ಸಿಟ್ಟಿನಿಂದ ಕೂಗಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಕೇಳಿದ. "ಎಣ್ಣೆ ನನ್ನ ಕೈಯಿಂದ ನಿನ್ನ ಕೈಗೆ ಬಂತು. ನಿನ್ನ ಕೈಯಿಂದ ಹಡಗಿಗೆ ಹೋಯ್ತು. ಹಡಗಿಂದ ನಿನ್ನ ಮಗನ ಕೈಗೆ ಹೋಯ್ತು. ನನ್ನ ಒಬ್ಬನ ಹತ್ರ ಮಾತ್ರ ಕೇಳುದು ಎಂತಕ್ಕೆ?"

ಅವನು ಹುಲ್ಲಿನ ಹೊರೆಯನ್ನು ಬಿಚ್ಚದೆ ಹಾಗೆಯೇ ಬಿಟ್ಟು ಒಳಗೆ ಹೋದ. ದುಗ್ಗಮ್ಮ ಕುಡಿಯಲು ನೀರು ತಂದವಳು ಬಾಗಿಲಲ್ಲೇ ನಿಂತಳು. ನಾನು ಕುಡಿಯದೆ ಇಳಿದು ಬಂದೆ.

ಬಸ್ಸಿನಲ್ಲಿ ಅವನ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಡಬ್ಬಗಳನ್ನು ಮಂಗಳೂರಿಗೆ ಒಯ್ಯುವಾಗ ಮಾಣಿಯ ತಿರುವಿನಲ್ಲಿ ಲಾರಿ ನಿಲ್ಲಿಸಿದ್ದ ಡ್ರೈವರನ ನೆನಪಾಯಿತು. ಏಜೆಂಟರ ಉಬ್ಬಿದ ಮುಖ ನೆನಪಾಯಿತು. ಒಂದು ಗಳಿಗೆ ನಿನ್ನ ಮೇಲೂ ಮನಸ್ಸು ಹೋಯಿತು ಮಗನೇ. ದೊಡ್ಡ ಕಂಪೆನಿಯವರು ದರ ಇಳಿಸಲಿಕ್ಕೆ ಹುಡುಗರಿಂದ ಎಂತೆಂತ ಮಾಡಿಸುತ್ತಾರೋ. ಹೀಗೆ ಯೋಚಿಸಿದ್ದನ್ನು ಬರೆಯದೆ ಇರಬಹುದಿತ್ತು. ಬರೆದಿದ್ದೇನೆ.

ಅಬ್ದುಲ್ ರಹ್ಮಾನ್


ಸಂಪಾಜೆ
9–1–1962

ಸಲಾಂಗೆ ಚೆನ್ನಪ್ಪ ಗೌಡನು ಬರೆದದ್ದು.

ನಾನು ಕಾಗದ ಬರೆಯುವವನಲ್ಲ. ನೀನು ಚಿಕ್ಕವನಿದ್ದಾಗ ಹುಲ್ಲಿನ ರಾಶಿಯ ಮೇಲೆ ಮಲಗಿ ಮೈಯೆಲ್ಲ ತುರಿಸಿಕೊಂಡು ಅತ್ತದ್ದು, ದುಗ್ಗಮ್ಮ ನಿನ್ನನ್ನು ಹೊಳೆಯಲ್ಲಿ ಮೀಯಿಸಿದ್ದು ನೆನಪಿರಬಹುದು. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಇದರ ಜೊತೆ ಮರದ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಉಂಟು. ನಿಮ್ಮ ಕಂಪೆನಿಗೆ ಬಂದ ಎಣ್ಣೆಯನ್ನು ಇಳಿಸಿದ ದಿನಗಳಲ್ಲೇ ತೆಗೆದಿಟ್ಟದ್ದು. ಪ್ರತಿವರ್ಷ ಮನೆಯ ಉಪಯೋಗಕ್ಕೆ, ಸೊಳ್ಳೆಗೆ, ತಲೆನೋವಿಗೆ ಸ್ವಲ್ಪ ತೆಗೆದಿಡುವುದು ನಮ್ಮ ಕ್ರಮ. ನಿನ್ನ ಬಾಪನ ಕೈಗೆ ಇದು ಹೋಗಿಲ್ಲ. ಸುಳ್ಯಕ್ಕೆ ನಾನೇ ಹೋಗಿ, ಅಂಚೆಯವರ ಎದುರು ಬಾಯಿಗೆ ಅರಗು ಹಾಕಿ ಕಳಿಸಿದ್ದೇನೆ.

ನೀನು ಇದನ್ನು ಒಬ್ಬನೇ ಒಡೆಯಬಾರದು. ನಿನ್ನ ಮೇಲಿನವರು ನೋಡುತ್ತಿರುವಾಗ ಒಡೆಯಬೇಕು. ಹೀಗೆ ಹೇಳಿದ್ದಕ್ಕೆ ಬೇಸರ ಮಾಡಬೇಡ. ನನ್ನ ಹಂಡೆಗೆ ಮೂಗು ಹಾಕಿ ನೋಡಿದ ಮೇಲೆ ನನಗೂ ಹೇಳುವ ಹಕ್ಕು ಉಂಟು.

ಇದೂ ಮಬ್ಬಾದರೆ ಹಂಡೆಯನ್ನು ಪಯಸ್ವಿನಿ ಹೊಳೆಗೆ ಹಾಕುತ್ತೇನೆ. ತಿಳಿಯಾದರೆ ಅದನ್ನು ನಿನ್ನ ಬಾಪನಿಗೆ ನೀನೇ ಬರೆ. ನನಗೆ ಬರೆಯುವುದು ಬೇಡ. ಬೆಂಕಿ ಆರಿಸಿ ತಿಂಗಳಾಗುತ್ತಾ ಬಂತು.

ಚೆನ್ನಪ್ಪ ಗೌಡ


ಬೊಂಬಾಯಿ
27–1–1962

ಬಾಪ,

ಚೆನ್ನಪ್ಪ ಮಾವ ಒಂದು ಬಾಟಲಿ ಕಳಿಸಿದ್ದರು. ಅವರು ಹೇಳಿದ ಹಾಗೆ ಮ್ಯಾನೇಜರರ ಮೇಜಿನ ಮೇಲೆಯೇ ಅರಗು ಒಡೆದೆ. ಸ್ಪಿರಿಟ್ಟಿಗೆ ಹಾಕಿದ್ದು ಅವರೇ. ಅಲ್ಲಾಡಿಸಿದ್ದೂ ಅವರೇ. ನೀರಿನಷ್ಟು ತಿಳಿಯಾಗಿ ಕರಗಿತು. ಇಂಥ ಎಣ್ಣೆ ಈ ವರ್ಷ ಬೇರೆಲ್ಲಿಂದಲೂ ಬಂದಿಲ್ಲ ಎಂದರು. ಆಮೇಲೆ ನನ್ನ ಮುಖ ನೋಡಿ, "ಹಾಗಾದರೆ ಗುಡ್ಡದವನು ಸಾಚಾ. ಉಳಿದವರು ಯಾರು?" ಎಂದರು.

ಉಳಿದವರು ಯಾರು ಬಾಪ?

ನಾನು ಕೇಳಬಾರದ ಪ್ರಶ್ನೆ ಇದು. ಆದರೂ ಕೇಳುತ್ತಿದ್ದೇನೆ. ಸಂಪಾಜೆಯಿಂದ ಹಡಗಿನವರೆಗೆ ಎಣ್ಣೆ ಯಾರ ಯಾರ ಕೈಯಲ್ಲಿತ್ತು? ಅಂಗಡಿಯಲ್ಲಿ ಎಷ್ಟು ದಿನ ಇಟ್ಟಿರಿ? ಅಳತೆ ತುಂಬಿಸಲಿಕ್ಕೆಂದು ಬೇರೆಯವರ ಎಣ್ಣೆಯನ್ನೇನಾದರೂ ಸೇರಿಸಿದ್ದಿರಾ? ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನೀವು ನನ್ನ ಮೇಲೆ ಅನುಮಾನ ಪಟ್ಟದ್ದನ್ನು ಮುಚ್ಚಿಡಲಿಲ್ಲ. ನಾನೂ ಮುಚ್ಚಿಡುವುದಿಲ್ಲ.

ಸಲಾಂ


ಪುತ್ತೂರು
10–2–1962

ಸಲಾಂಗೆ,

ರಂಜಾನಿನ ನೋಂಬು ಶುರುವಾಗಿದೆ. ನೋಂಬಿನ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂಬಷ್ಟನ್ನಾದರೂ ನೀನು ನಂಬುತ್ತೀ ಎಂದುಕೊಂಡಿದ್ದೇನೆ.

ನೀನು ಠಾಣೆಯವರ ಹಾಗೆ ಕೇಳಿದ್ದೀ. ಹಾಗೆಯೇ ಉತ್ತರ ಕೊಡುತ್ತೇನೆ. ಸಂಪಾಜೆಯಿಂದ ಎಣ್ಣೆಯನ್ನು ಚೆನ್ನಪ್ಪನ ಗಾಜಿನ ಬುಡ್ಡಿಗಳಲ್ಲಿ ನಾನೇ ತಂದೆ. ಬೇರೆಯವರ ಎಣ್ಣೆ ಒಂದು ತೊಟ್ಟೂ ಸೇರಿಲ್ಲ. ತಗಡಿನವನಲ್ಲಿ ಹೊಸ ಡಬ್ಬ ಮಾಡಿಸಿದೆ. ಒಳಗೆ ಬೆಸುಗೆಯ ಜಿಡ್ಡು ಇತ್ತು. ಮೊದಲೆಲ್ಲ ಬೂದಿ ಹಾಕಿ ತಿಕ್ಕಿ, ಬಿಸಿನೀರು ಹೊಯ್ದು ಹೊಯ್ದು ತೊಳೆಯುತ್ತಿದ್ದೆವು. ಈ ಸಲ ಬೊಂಬಾಯಿಗೆ ಹೋಗುವ ಡಬ್ಬ, ಮಗನ ಮರ್ಯಾದೆ ಎಂದು ನಿನ್ನ ಉಮ್ಮ ನೀನು ಕಳಿಸಿದ ಪುಡಿ ಹಾಕಿ ತೊಳೆದಳು. ತಗಡು ಕನ್ನಡಿಯ ಹಾಗೆ ಹೊಳೆಯಿತು. ಬಿಸಿಲಿಗೆ ಇಟ್ಟು, ಎಣ್ಣೆ ಸೋಸಿ ತುಂಬಿಸಿ, ಬಾಯಿ ಬೆಸೆದು, ಲಾರಿಯಲ್ಲಿ ಡಬ್ಬದ ಮೇಲೆಯೇ ಕೂತು ಹಡಗಿನ ದಕ್ಕೆಗೆ ಹೋದೆ.

ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನಿನ್ನ ಕಾಗದವನ್ನು ನಾನು ಕಪಾಟಿನಲ್ಲಿ ಇಟ್ಟಿದ್ದೆ. ಉಮ್ಮ ಅದನ್ನು ನೆರೆಮನೆಯ ಹುಡುಗಿಯಿಂದ ಓದಿಸಿಕೊಂಡಿದ್ದಾಳೆ. ನೋಂಬು ಬಿಡುವ ಹೊತ್ತಿಗೆ ಒಂದು ಖರ್ಜೂರ ಮಾತ್ರ ಬಾಯಿಗೆ ಹಾಕಿಕೊಂಡು ಎದ್ದುಬಿಡುತ್ತಾಳೆ. "ಮಗ ಬಾಪನನ್ನು ಕಳ್ಳ ಅಂದನಾ?" ಎಂದು ಒಮ್ಮೆ ಕೇಳಿದಳು. ಇಲ್ಲ, ಪ್ರಶ್ನೆ ಕೇಳಿದ ಅಷ್ಟೆ ಎಂದೆ.

ಅಬ್ದುಲ್ ರಹ್ಮಾನ್


ಬೊಂಬಾಯಿ
18–2–1962

ಬಾಪ, ಉಮ್ಮ,

ಇಬ್ಬರೂ ಒಟ್ಟಿಗೆ ಕೂತು ಇದನ್ನು ಓದಿ. ಯಾರೂ ಏನನ್ನೂ ಬೆರೆಸಿಲ್ಲ.

ನಿಮ್ಮ ಕಾಗದ ಓದುತ್ತಾ ಡಬ್ಬ ಕನ್ನಡಿಯ ಹಾಗೆ ಹೊಳೆಯಿತು ಎಂಬಲ್ಲಿಗೆ ಬಂದಾಗ ಕೂತಲ್ಲಿಂದ ಎದ್ದೆ. ಮ್ಯಾನೇಜರರಲ್ಲಿ ಒಂದು ಗಂಟೆ ಪ್ರಯೋಗಶಾಲೆ ಬೇಡಿಕೊಂಡೆ. "ನಾನೂ ಬರುತ್ತೇನೆ" ಎಂದು ಹಿಂದೆಯೇ ಬಂದರು.

ಮೊದಲು ಡಬ್ಬದ ಎಣ್ಣೆಯ ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟೆ. ಕೊಬ್ಬರಿ ಎಣ್ಣೆ ಇದ್ದಿದ್ದರೆ ಜಿಡ್ಡಿನ ಕಲೆ ಉಳಿಯಬೇಕಿತ್ತು. ಹನಿ ಹಾರಿಹೋಯಿತು, ಜಿಡ್ಡು ಉಳಿಯಲಿಲ್ಲ. ಆಮೇಲೆ ಅದೇ ಎಣ್ಣೆಯನ್ನು ನೀರಿನೊಡನೆ ಅಲ್ಲಾಡಿಸಿದೆ. ಒಳ್ಳೆಯ ಹುಲ್ಲೆಣ್ಣೆ ಸ್ವಲ್ಪ ಹೊತ್ತಿನಲ್ಲಿ ನೀರಿನಿಂದ ಬೇರೆಯಾಗಿ ಮೇಲೆ ನಿಲ್ಲುತ್ತದೆ. ಇದು ಬೇರೆಯಾಗಲಿಲ್ಲ. ಹಾಲಾಯಿತು. ಮೇಲೆ ನೊರೆ ಬಂತು ಬಾಪ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬರುವ ನೊರೆ! ಕೊನೆಗೆ ಪಿಂಗಾಣಿ ಬಟ್ಟಲಿನಲ್ಲಿ ಎಣ್ಣೆಯನ್ನು ಸುಟ್ಟು ನೋಡಿದೆ. ಎಣ್ಣೆಗೆ ಎಣ್ಣೆ ಬೆರೆಸಿದ್ದರೆ ಬಟ್ಟಲು ಖಾಲಿಯಾಗಬೇಕು. ತಳದಲ್ಲಿ ಬೆಳ್ಳಗೆ ಬೂದಿ ಉಳಿದಿತ್ತು.

ಅದು ಪುಡಿ. ತೊಳೆದ ಡಬ್ಬದ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಉಳಿದು ಒಣಗಿದ್ದು. ಸುಗಂಧವಾಗಿದ್ದರೆ ಬಿಸಿಲಿಗೆ ಹಾರಿಹೋಗುತ್ತಿತ್ತು. ಪುಡಿ ಹಾರುವ ಜಾತಿಯದಲ್ಲ, ಅಂಟಿ ಕೂರುವ ಜಾತಿ. ಹುಲ್ಲೆಣ್ಣೆಯಲ್ಲಿ ಯಾವಾಗಲೂ ಚೂರು ನೀರಿನ ಪಸೆ ಇರುತ್ತದೆ. ಪುಡಿ ಒಂದು ತುದಿಯಿಂದ ಆ ಪಸೆಯನ್ನೂ ಇನ್ನೊಂದು ತುದಿಯಿಂದ ಎಣ್ಣೆಯನ್ನೂ ಹಿಡಿದುಕೊಂಡಿತು, ಅದಕ್ಕೇ ಸ್ಪಿರಿಟ್ಟಿನಲ್ಲಿ ಮಬ್ಬು. ಅದರಲ್ಲಿದ್ದ ಸೋಡಾ ಬಣ್ಣವನ್ನೂ ಕೆಡಿಸಿತು. ಹಡಗಿನ ಕುಲುಕಾಟದಲ್ಲಿ ಎಲ್ಲವೂ ಚೆನ್ನಾಗಿ ಬೆರೆಯಿತು.

ಉಮ್ಮ, ನಿಮ್ಮ ತಪ್ಪು ಏನೂ ಇಲ್ಲ. ಸಾಬೂನಾದರೆ ಕೈಗೆ ಜಾರುವುದು ಗೊತ್ತಾಗುತ್ತದೆ, ಇನ್ನೊಂದು ಕೊಡ ನೀರು ಹೊಯ್ಯಬೇಕೆಂದು ತಿಳಿಯುತ್ತದೆ. ಇದು ಹಾಗಲ್ಲ. ಆ ಪುಡಿಯ ಗುಣವನ್ನೆಲ್ಲ ಪುಟಗಟ್ಟಲೆ ಬರೆದ ನಾನು ಚೆನ್ನಾಗಿ ತೊಳೆಯಿರಿ ಎಂಬ ಒಂದು ಸಾಲು ಬರೆಯಲಿಲ್ಲ.

ಬೀಗದ ಕೈ ಮರಳಿ ಬಂದಿದೆ. ಆದರೆ ಮ್ಯಾನೇಜರರು ಇನ್ನು ಕೊಚ್ಚಿಯ ಏಜೆಂಟರಿಂದಲೇ ಎಣ್ಣೆ ತರಿಸುತ್ತಾರಂತೆ. ಅದು ಹೋದರೆ ಹೋಗಲಿ. ನೀವು ಸಂಪಾಜೆಗೆ ಹೋಗಿ ಬನ್ನಿ. ನಾನು ಚೆನ್ನಪ್ಪ ಮಾವನಿಗೆ ಬರೆಯಲು ಕೂತು ಮೂರು ಸಲ ಹರಿದುಹಾಕಿದೆ.

ನಿಮಗೆ ಬರೆದ ಹಿಂದಿನ ಕಾಗದವನ್ನು ಸುಟ್ಟುಬಿಡಿ ಬಾಪ.

ನಿಮ್ಮ
ಸಲಾಂ


ಪುತ್ತೂರು
15–3–1962

ಮಗ ಸಲಾಂಗೆ,

ಪೆರ್ನಾಳ್ ಹಬ್ಬ ಮುಗಿದ ಮೇಲೆ ಸಂಪಾಜೆಗೆ ಹೋಗಿ ಬಂದೆವು. ಹೋದೆವು ಎಂದರೆ ನಾನೂ ಉಮ್ಮನೂ. ನಾನೊಬ್ಬನೇ ಹೋಗುತ್ತೇನೆ ಎಂದರೆ ಅವಳು ಕೇಳಲಿಲ್ಲ. "ಡಬ್ಬ ತೊಳೆದದ್ದು ನಾನು. ನೀವು ಹೋಗಿ ಎಂತ ಹೇಳುದು?" ಎಂದಳು.

ಒಲೆ ತಣ್ಣಗಿತ್ತು. ಗುಡ್ಡದ ಹುಲ್ಲು ಕೊಯ್ಯದೆ ಹೂ ಬಿಟ್ಟು ನಿಂತಿತ್ತು. ಚೆನ್ನಪ್ಪ ಜಗಲಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದವನು ಏಳಲಿಲ್ಲ. ಉಮ್ಮನನ್ನು ನೋಡಿ ಮಾತ್ರ, "ಬನ್ನಿ ಸಾರಮ್ಮ, ಕೂತ್ಕೊಳ್ಳಿ" ಎಂದ.

ನಾನು ಎರಡು ಬಾಟಲಿ ಕೊಂಡುಹೋಗಿದ್ದೆ. ದುಗ್ಗಮ್ಮನಲ್ಲಿ ಅವರ ಮನೆಯ ಹುಲ್ಲೆಣ್ಣೆಯನ್ನೇ ಕೇಳಿ, ಎರಡಕ್ಕೂ ಎಣ್ಣೆ ಮತ್ತು ನೀರು ಹಾಕಿದೆ. ಒಂದಕ್ಕೆ ಉಮ್ಮ ಒಂದು ಚಿಟಿಕೆ ಪುಡಿ ಹಾಕಿದಳು. ಎರಡನ್ನೂ ಅಲ್ಲಾಡಿಸಿ ಜಗಲಿಯ ಮೇಲಿಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಒಂದರಲ್ಲಿ ಎಣ್ಣೆ ಮೇಲೆ ಬಂತು, ನೀರು ಕೆಳಗೆ ನಿಂತಿತು. ಇನ್ನೊಂದು ಹಾಲಿನ ಹಾಗೆ ಬೆಳ್ಳಗೆ ಹಾಗೆಯೇ ಉಳಿಯಿತು. ನೀನು ಬರೆದದ್ದನ್ನು ನನಗೆ ತಿಳಿದಷ್ಟು ವಿವರಿಸಿದೆ. ಉಮ್ಮ ಅಳಲಿಕ್ಕೆ ಶುರು ಮಾಡಿದಳು. ದುಗ್ಗಮ್ಮ ಅವಳ ಕೈ ಹಿಡಿದು, "ಅಯ್ಯೋ, ಪಾತ್ರೆ ಹೊಳಿಲಿ ಅಂತ ತೊಳೆದದ್ದಕ್ಕೆ ಯಾರಾದ್ರೂ ಅಳ್ತಾರಾ" ಎಂದು ಒಳಗೆ ಕರೆದುಕೊಂಡು ಹೋದಳು.

ಚೆನ್ನಪ್ಪ ಆ ಬೆಳ್ಳಗಿನ ಬಾಟಲಿಯನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಪುಡಿಯ ಕೆಲಸ ಅಂತ ಆಯ್ತು" ಎಂದ.

"ಹೌದು ಮಾರಾಯ. ಪುಡಿಯದ್ದೇ."

"ಆದ್ರೆ ಅದ್ರಾಮ, ಪುಡಿ ಗುಡ್ಡ ಹತ್ತಿ ಬಂದು, 'ಚೆನ್ನಪ್ಪ, ನೀನು ಎಂತ ಬೆರೆಸಿದ್ದು' ಅಂತ ಕೇಳ್ಲಿಲ್ಲ."

ಅವನು ಬಾಟಲಿಯನ್ನು ಮೆತ್ತಗೆ ನನ್ನ ಮುಂದಿಟ್ಟು ಬುಟ್ಟಿಗೆ ಕೈಹಾಕಿದ. ಬರುವ ದಾರಿಯಲ್ಲಿ ಎಷ್ಟೋ ಮಾತು ಕಟ್ಟಿಕೊಂಡು ಬಂದಿದ್ದೆ. ತಪ್ಪಾಯಿತು ಎಂದಷ್ಟೇ ಹೇಳಿದೆ. ಅವನು ತಲೆ ಆಡಿಸಿದ, ಅಷ್ಟೆ. ಮುಂದಿನ ವರ್ಷದ ಎಣ್ಣೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನೀನು ಸುಡಲು ಹೇಳಿದ ಕಾಗದವನ್ನು ಸುಟ್ಟಿಲ್ಲ. ನಾನು ನಿನ್ನ ಮೇಲೆ ಅನುಮಾನಪಟ್ಟು ಬರೆದದ್ದು ನಿನ್ನಲ್ಲಿದೆಯಲ್ಲ. ಅದು ಇರುವಷ್ಟು ದಿನ ಇದೂ ಇರಲಿ.

ನಿನ್ನ ಬಾಪ
ಅಬ್ದುಲ್ ರಹ್ಮಾನ್


ಪುತ್ತೂರು
28–11–1962

ಮಗ ಸಲಾಂಗೆ,

ಮಳೆಗಾಲದಲ್ಲಿ ಮೂರು ನಾಲ್ಕು ಸಲ ಸಂಪಾಜೆಗೆ ಹೋದೆನೆಂದೂ ಚೆನ್ನಪ್ಪ ಸಿಗಲಿಲ್ಲವೆಂದೂ ಬರೆದಿದ್ದೆ. ಸಿಗಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ಒಂದು ಸಲ ಗುಡ್ಡದ ಮೇಲೆ ಅವನ ಮುಂಡಾಸು ಕಂಡಿತು, ಅವನು ಇಳಿದು ಬರಲಿಲ್ಲ.

ಕಳೆದ ತಿಂಗಳು ಬಸ್ಸಿನ ಕಂಡಕ್ಟರ್ ಅಚ್ಚುತ ಅಂಗಡಿಯ ಎದುರು ಬಸ್ಸು ನಿಲ್ಲಿಸಿ ಕೂಗಿದ. "ಬ್ಯಾರಿಗಳೇ, ಚೆನ್ನಪ್ಪ ಗೌಡ್ರು ಒಲೆ ಹಚ್ಚಿದ್ದಾರೆ. ನಿಮಗೆ ಹೇಳ್ಲಿಕ್ಕೆ ಹೇಳಿದ್ರು." ನಾನು ಚಿಲ್ಲರೆ ಎಣಿಸುತ್ತಿದ್ದವನು ಹಾಗೆಯೇ ಬಿಟ್ಟು ಅದೇ ಬಸ್ಸು ಹತ್ತಿದೆ.

ಅವನು ಎರಡು ಮಾತು ಹೇಳಿದ. ಡಬ್ಬವನ್ನು ಅವನೇ ತೊಳೆಯುತ್ತಾನೆ. ಮಂಗಳೂರಿನ ಹಳೆಯ ಏಜೆಂಟರ ಬಾಗಿಲವರೆಗೆ ಅವನೂ ಬರುತ್ತಾನೆ. ನಾನು ಒಪ್ಪಿದೆ. ಮೊದಲು ಅವನು ಬುಡ್ಡಿ ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿದರೆ ಮತ್ತೆ ಅದರ ಸುದ್ದಿ ಕೇಳುತ್ತಿರಲಿಲ್ಲ. ಆ ಕಾಲ ಮುಗಿಯಿತು ಎಂದುಕೊಂಡೆ.

ಮೊನ್ನೆ ಅವನು ಪುತ್ತೂರಿಗೆ ಬಂದ. ಬಾವಿಕಟ್ಟೆಯಲ್ಲಿ ಕೂತು ಒಂದೊಂದೇ ಡಬ್ಬವನ್ನು ಬೂದಿಯಿಂದ ತಿಕ್ಕಿದ. ಉಮ್ಮ ಹೊರಗೆ ಬಂದು ನೀರು ಸೇದಿ ಕೊಟ್ಟಳು. ಕೊನೆಯ ಡಬ್ಬ ತೊಳೆದ ಮೇಲೆ ಅವನೇ ಅದನ್ನು ಅವಳ ಮುಂದೆ ಹಿಡಿದು, "ಸಾಕಾ ಸಾರಮ್ಮ? ನೋಡಿ ಹೇಳಿ" ಎಂದ. ಅವಳು ಒಳಗೆ ಕೈ ಹಾಕಿ ಸವರಿ, "ಸಾಕು" ಎಂದಳು.

ಮಂಗಳೂರಿಗೆ ಹೋಗುವಾಗ ಡಬ್ಬಗಳನ್ನು ನಮ್ಮಿಬ್ಬರ ಕಾಲಿನ ನಡುವೆ ಇಟ್ಟುಕೊಂಡೆವು. ದಾರಿಯುದ್ದಕ್ಕೂ ಅವನ ಕಣ್ಣು ಡಬ್ಬದ ಮೇಲೆ, ನನ್ನ ಕಣ್ಣೂ ಡಬ್ಬದ ಮೇಲೆ. ಬಸ್ಸು ಕುಲುಕಿದರೆ ಇಬ್ಬರ ಕೈಯೂ ಒಟ್ಟಿಗೇ ಮುಚ್ಚಳಕ್ಕೆ ಹೋಗುತ್ತಿತ್ತು. ಏಜೆಂಟರು ನಮ್ಮೆದುರೇ ಸ್ಪಿರಿಟ್ಟಿಗೆ ಹಾಕಿ ನೋಡಿದರು. ತಿಳಿ. ಏಜೆಂಟರು ಏನೋ ಹೊಗಳಿದರು, ನಮಗಿಬ್ಬರಿಗೂ ಕೇಳಿಸಲಿಲ್ಲ. ನಾನು ಅವನ ಮುಖ ನೋಡಿದೆ. ಅವನು ಸಮುದ್ರದ ಕಡೆ ನೋಡುತ್ತಿದ್ದ.

ಹಿಂತಿರುಗಿ ಬರುವಾಗ ಕೈ ಖಾಲಿ. ಕಾಯಲಿಕ್ಕೆ ಏನೂ ಇರಲಿಲ್ಲ. ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಬಂಟ್ವಾಳ ದಾಟಿದ ಮೇಲೆ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ಸಲಾಂ ಅಲ್ಲಿ ಊಟ ಎಲ್ಲಿ ಮಾಡುದು?"

ಹನ್ನೊಂದು ತಿಂಗಳಲ್ಲಿ ಅವನ ಬಾಯಿಂದ ನಿನ್ನ ಹೆಸರು ಬಂದದ್ದು ಅದೇ ಮೊದಲು. ಕೋಣೆಯಲ್ಲೇ ಗೆಳೆಯರು ಸೇರಿ ಬೇಯಿಸಿಕೊಳ್ಳುತ್ತಾರೆ ಎಂದೆ.

"ಕುಚ್ಚಲಕ್ಕಿ ಸಿಕ್ತದಾ?"

"ಸಿಗುದಿಲ್ಲವಂತೆ."

"ಮತ್ತೆ ನೀನು ಎಂತ ನೋಡ್ತಾ ಕೂತಿದ್ದಿ ಮಾರಾಯ? ಒಂದು ಮುಡಿ ಅಕ್ಕಿ ಕಳಿಸ್ಬಾರ್ದಾ?" ಎಂದು ಬೈದ. ಪುತ್ತೂರಿನವರೆಗೂ ಬೈಯುತ್ತಲೇ ಇದ್ದ. ನಾನು ಕೇಳುತ್ತಾ ಕೂತಿದ್ದೆ.

ನಿನ್ನ ಬಾಪ
ಅಬ್ದುಲ್ ರಹ್ಮಾನ್